ಗ್ರಹಣಕ್ಕೆ ಚೆಲ್ಲಿದ ನೀರು

ಪೂಜ್ಯ ಗರಟೆ ಸ್ವಾಮಿಗಳವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಅಳಿವೆಯ ನಡುವಿನ ಬೆಳ್ಳಕ್ಕಿಕುರ್ವೆ ಎಂಬ ನಡುಗಡ್ಡೆಯಲ್ಲಿ. ಸುತ್ತಲೂ ಉಪ್ಪುನೀರು, ನಡುವೆ ಅಂಗೈಯಗಲದ ನೆಲ. ಸಮುದ್ರದ ಉಬ್ಬರ ಒಳಗೆ ನುಗ್ಗದಂತೆ ಸುತ್ತ ಮಣ್ಣಿನ ಕಟ್ಟೆ ಹಾಕಿಕೊಂಡು, ಆ ಕಟ್ಟೆಯೊಳಗೆ ಭತ್ತ ಬೆಳೆದು ಬದುಕುವ ಜನ. ಆ ಕಟ್ಟೆಯ ತುದಿಯಲ್ಲೇ ಸ್ವಾಮಿಗಳ ತೆಂಗಿನ ಮಡಲಿನ ಗುಡಿಸಲು. ಮಠವೆಂದರೂ ಅದೇ, ಮನೆಯೆಂದರೂ ಅದೇ. ಪೀಠವಿಲ್ಲ, ಪಲ್ಲಕ್ಕಿಯಿಲ್ಲ. ಒಂದು ಚಾಪೆ, ಎರಡು ಪಂಚೆ, ಉಣ್ಣುವುದಕ್ಕೂ ಕುಡಿಯುವುದಕ್ಕೂ ಒಂದೇ ಒಂದು ತೆಂಗಿನ ಗರಟೆ. ಅದರಿಂದಲೇ ಜನ ಅವರನ್ನು ಹಾಗೆ ಕರೆದರು. ಪೂರ್ವಾಶ್ರಮದ ಹೆಸರನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗುಡಿಸಲಿನ ಕತ್ತಲೆ ಮೂಲೆಯಲ್ಲಿ ಮರಳಿನ ಮೇಲೆ ಎರಡು ದೊಡ್ಡ ಮಣ್ಣಿನ ಹರವಿಗಳಿದ್ದವು. ಬಾಯಿಗೆ ಮುಚ್ಚಳ, ಮುಚ್ಚಳದ ಮೇಲೆ ಬಿಳಿ ಬಟ್ಟೆಯ ಕಟ್ಟು. ಒಳಗೆ ಸೋಸಿ, ಕುದಿಸಿ, ಆರಿಸಿ ತುಂಬಿದ ಕುಡಿಯುವ ನೀರು. ಅದನ್ನು ಸ್ವಾಮಿಗಳು ದಿನಬಳಕೆಗೆ ಮುಟ್ಟುತ್ತಿರಲಿಲ್ಲ. ಪ್ರತಿ ಏಕಾದಶಿಗೆ ಹಳೆಯ ನೀರನ್ನು ಗಿಡಗಳಿಗೆ ಹಾಕಿ ಹೊಸದಾಗಿ ತುಂಬಿಡುತ್ತಿದ್ದರು. ದರ್ಶನಕ್ಕೆ ಬಂದವರು ಮಂತ್ರೋಪದೇಶ ಕೇಳಿದರೆ ಅವರು ಹೇಳುತ್ತಿದ್ದದ್ದು ಇಷ್ಟೇ: "ದೇವರಿಗೆ ಮೀಸಲು ಇಡ್ತೀರಲ್ಲ, ಹಾಗೇ ಒಂದು ಕೊಡ ನೀರನ್ನ ಮನೆಗೆ ಮೀಸಲಿಡಿ. ಅದರೊಳಗೆ ಕೈ ಅದ್ದಬೇಡಿ."

ಜನ ನಮಸ್ಕಾರ ಮಾಡಿ, ಹೊರಗೆ ಬಂದು ನಗುತ್ತಿದ್ದರು. ನಾವು ಮನುಷ್ಯರೇ ಹಾಗೆ ನೋಡಿ. ಸ್ವಾಮಿಗಳಾದವರು ಅರ್ಥವಾಗದ ಮಾತು ಹೇಳಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಅರ್ಥವಾಗುವ ಮಾತು ಹೇಳಿದರೆ, ಇಷ್ಟೇನಾ ಎನ್ನುತ್ತೇವೆ. ಆದರೂ ಹೆಂಗಸರು ಒಬ್ಬೊಬ್ಬರಾಗಿ ಅಡುಗೆಮನೆಯ ಮೂಲೆಯಲ್ಲಿ ಮೀಸಲು ಕೊಡ ಇಡತೊಡಗಿದರು. ನೀರು ಹೊರುವವರಿಗೆ ತಾನೆ ನೀರಿನ ಬೆಲೆ ಗೊತ್ತು?

ಈ ಮಾತು ಸ್ವಲ್ಪವೂ ಹಿಡಿಸದಿದ್ದದ್ದು ಹಮ್ಮಣ್ಣ ನಾಯಕರಿಗೆ. ಕುರ್ವೆಗೆಲ್ಲ ಇದ್ದದ್ದು ಒಂದೇ ಸಿಹಿನೀರಿನ ಬಾವಿ, ಅದು ಇದ್ದದ್ದು ಅವರ ಅಂಗಳದಲ್ಲಿ. ಅಜ್ಜನ ಕಾಲದಲ್ಲಿ ಕಲ್ಲು ಕಡಿದು ತೋಡಿದ್ದು. ನಾಯಕರು ಕೆಟ್ಟವರಲ್ಲ, ಆ ಮಾತನ್ನು ಮೊದಲೇ ಹೇಳಿಬಿಡಬೇಕು. ಯಾವ ಜಾತಿ, ಯಾವ ಕೇರಿ ಎಂದು ನೋಡದೆ ಊರಿಗೆಲ್ಲ ನೀರು ಬಿಟ್ಟವರು. ಆದರೆ ಆಚಾರದ ಮನುಷ್ಯ. ತಿಥಿ ತಪ್ಪಬಾರದು, ಮೈಲಿಗೆ ಸೋಕಬಾರದು. ಸಾಲದ್ದಕ್ಕೆ ತನ್ನ ಬಾವಿ ಇರುವಾಗ ಜನ ನೀರು ಕೂಡಿಡುವುದು ಅವರಿಗೆ ಅವಮಾನದ ಹಾಗೆ ಕಂಡಿತು. "ನನ್ನ ಬಾವಿ ಎಲ್ಲಿಗೆ ಓಡಿಹೋಗ್ತದೆ?" ಎಂದು ಕೇಳುತ್ತಿದ್ದರು.

ಅವರಿಗೆ ದೇವಕಿ ಎಂದು ಒಬ್ಬಳೇ ಮಗಳು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಚಿಕ್ಕಂದಿನಿಂದ ಸ್ವಾಮಿಗಳ ಗುಡಿಸಲ ಬಾಗಿಲಲ್ಲಿ ಆಡಿ ಬೆಳೆದ ಹುಡುಗಿ. ಬಂದ ಮಾರನೆಯ ದಿನವೇ ತುಂಬಿದ ಬಸುರಿ ತಾನೇ ಕೂತು ನೀರು ಸೋಸಿ ಕುದಿಸಿ ಒಂದು ತಾಮ್ರದ ಕೊಡ ತುಂಬಿಟ್ಟಳು. ಅಪ್ಪ ಗದರಿದರೆ ನಕ್ಕಳು. "ನಿನ್ನ ಬಾವಿ ನಿನಗೆ, ನನ್ನ ಕೊಡ ನನಗೆ ಇರ್ಲಿ ಅಪ್ಪಾ." ಮಗಳು ನಕ್ಕರೆ ನಾಯಕರ ಬಾಯಿ ಕಟ್ಟಿಹೋಗುತ್ತಿತ್ತು. ಕೊಡ ಅಡುಗೆಮನೆಯ ಮೂಲೆಯಲ್ಲೇ ಉಳಿಯಿತು.

ಆ ವರ್ಷ ವೈಶಾಖದ ಅಮಾವಾಸ್ಯೆಗೆ ಸೂರ್ಯಗ್ರಹಣ ಬಂತು. ಅದಕ್ಕೆ ಮುಂಚಿನ ದಿನದಿಂದಲೇ ಪಡುವಲ ಗಾಳಿ ಹಿಡಿದಿತ್ತು. ದೂರದ ಸಮುದ್ರದಲ್ಲೆಲ್ಲೋ ತೂಫಾನು ಎದ್ದಿದೆ ಎಂದರು ದೋಣಿಯವರು. ಕುರ್ವೆಯಲ್ಲಿ ಮಾತ್ರ ಗಾಳಿಯಷ್ಟೇ, ಒಂದು ಹನಿ ಮಳೆಯಿಲ್ಲ. ಅಮಾವಾಸ್ಯೆಗೆ ಉಬ್ಬರ ಹೆಚ್ಚು, ಅದು ಅಲ್ಲಿನ ಮಕ್ಕಳಿಗೂ ಗೊತ್ತು. ಉಬ್ಬರದ ಜೊತೆ ಗಾಳಿ ಸೇರಿದರೆ ಏನಾಗುತ್ತದೆ ಎಂಬುದೂ ಗೊತ್ತು. ಆದರೆ ಗ್ರಹಣದ ಬೆಳಿಗ್ಗೆ ಯಾರಿಗೆ ಕಟ್ಟೆಯ ನೆನಪು? ಎಲ್ಲರ ಕಣ್ಣೂ ಆಕಾಶದ ಮೇಲೆ.

ಗ್ರಹಣ ಹಿಡಿಯುವಾಗ ಮನೆಯೊಳಗೆ ಇದ್ದ ನೀರು ಕೆಡುತ್ತದೆ, ಅದನ್ನು ಚೆಲ್ಲಬೇಕು. ಬಿಟ್ಟ ಮೇಲೆ ಸ್ನಾನ ಮಾಡಿ ಹೊಸ ನೀರು ತರಬೇಕು. ಇದು ಆ ಊರಿನ ನಡಾವಳಿ. ಚೆಲ್ಲಲಾಗದ ನೀರಿಗೆ ದರ್ಭೆಯ ಎಳೆ ಹಾಕಿಟ್ಟರೆ ದೋಷವಿಲ್ಲ ಎಂಬುದೂ ಹಿರಿಯರ ಮಾತೇ. ಸ್ವಾಮಿಗಳು ಅದನ್ನೇ ಹೇಳಿ ಕಳಿಸಿದ್ದರು: "ಮೀಸಲು ಕೊಡಕ್ಕೆ ದರ್ಭೆ ಹಾಕಿ. ಚೆಲ್ಲಬೇಡಿ." ನಾಯಕರು ಒಪ್ಪಲಿಲ್ಲ. ದರ್ಭೆ ಉಪ್ಪಿನಕಾಯಿಗೆ, ತುಪ್ಪಕ್ಕೆ ಸರಿ. ಬಾವಿ ಪಕ್ಕದಲ್ಲಿರುವಾಗ ಕುಡಿಯುವ ನೀರಿಗೆ ಯಾಕೆ? ಗ್ರಹಣದ ನೀರು ಇಟ್ಟುಕೊಂಡವರು ಇನ್ನು ಮೇಲೆ ತನ್ನ ಬಾವಿಯ ಹಗ್ಗ ಮುಟ್ಟಬಾರದು ಎಂದುಬಿಟ್ಟರು. ಇಷ್ಟು ಹೇಳಿ ಸುಮ್ಮನೆ ಕೂತಿದ್ದರೂ ಆಗುತ್ತಿತ್ತು. ಬೆಳಿಗ್ಗೆ ತಾವೇ ಎದ್ದು ಮನೆ ಮನೆಗೆ ಹೋಗಿ ನೋಡಿಬಂದರು.

ಜನ ಚೆಲ್ಲಿದರು. ಬಾವಿ ಅವರದು, ಮತ್ತೇನು ಮಾಡಿಯಾರು? ಕೆಳಗಿನ ಕೇರಿಯ ಬುದವಂತಿ ಎಂಬ ಹಾಲಕ್ಕಿ ಒಕ್ಕಲಿನ ಹೆಣ್ಣುಮಗಳು ಮಾತ್ರ ಕೊಡಕ್ಕೆ ಅಡ್ಡ ನಿಂತಳು. ಸೊಂಟದಲ್ಲಿ ಹಾಲು ಕುಡಿಯುವ ಕೂಸು. "ದರ್ಭೆ ಹಾಕಿದ್ದೆ ಒಡೆಯಾ, ಕೂಸಿನ ಮನೆ" ಎಂದಳು. ನಾಯಕರು ಕಾಲಲ್ಲಿ ಕೊಡವನ್ನು ಉರುಳಿಸಿದರು. ನೀರು ಅವಳ ಪಾದದ ಮೇಲೆ ಹರಿದು ಅಂಗಳದ ಮಣ್ಣಿಗೆ ಇಳಿಯಿತು.

ಕೊನೆಗೆ ಕಟ್ಟೆಯ ತುದಿಗೆ ಹೋದರು. ಸ್ವಾಮಿಗಳು ಬಾಗಿಲಲ್ಲಿ ಕೂತು ದರ್ಭೆ ಆರಿಸುತ್ತಿದ್ದರು. ನಾಯಕರು ಕೈ ಮುಗಿದೇ ಕೇಳಿದರು. "ಊರಿಗೆಲ್ಲ ಒಂದು ನೇಮ. ನೀವೂ ಚೆಲ್ಲಬೇಕು."

ಸ್ವಾಮಿಗಳು ತಲೆ ಎತ್ತಲಿಲ್ಲ. "ರಾಹು ನುಂಗಿದ್ದನ್ನ ಉಗುಳ್ತಾನೆ ನಾಯಕರೇ. ಸಮುದ್ರ ಉಗುಳೂದಿಲ್ಲ," ಎಂದರು. ಸನ್ಯಾಸಿಯ ಹರವಿಗೆ ಕೈ ಹಾಕುವ ಧೈರ್ಯ ನಾಯಕರಿಗೂ ಬರಲಿಲ್ಲ. ಆ ನೀರು ಇನ್ನು ಮೈಲಿಗೆ, ಯಾರೂ ಮುಟ್ಟಕೂಡದು ಎಂದು ದಾರಿಯುದ್ದಕ್ಕೂ ಹೇಳುತ್ತಾ ಮನೆಗೆ ಬಂದರು.

ಮನೆಯಲ್ಲಿ ಒಂದು ಕೊಡ ಉಳಿದಿತ್ತು. ಬಸುರಿಯಾದ್ದರಿಂದ ದೇವಕಿಯನ್ನು ಗ್ರಹಣದ ನೆರಳು ಬೀಳದ ಹಾಗೆ ಕತ್ತಲೆ ಕೋಣೆಯಲ್ಲಿ ಕೂರಿಸಿದ್ದರು. ನಸುಕಿನಿಂದ ಅವಳ ಬಾಯಿಗೆ ಅನ್ನವಿಲ್ಲ, ನೀರಿಲ್ಲ. ಅಪ್ಪ ಕೊಡ ಎತ್ತಿದ ಸದ್ದು ಕೇಳಿ ಒಳಗಿನಿಂದ ಹೇಳಿದಳು. "ಅಪ್ಪಾ, ಅದೊಂದು ಬಿಡು."

ಊರಿಗೆಲ್ಲ ಹೇಳಿ ಬಂದವರು ಮನೆಯದನ್ನು ಬಿಟ್ಟರೆ ಹೇಗೆ? ನಾಯಕರು ಕೊಡವನ್ನು ಹಿತ್ತಲಿಗೆ ಒಯ್ದು ದಾಸವಾಳದ ಬುಡಕ್ಕೆ ಸುರಿದರು. ಬೋರಲು ಹಾಕಿ ಬಂದರು.

ಗ್ರಹಣ ಬಿಟ್ಟಿತು. ಜನ ಮಿಂದು, ಒದ್ದೆ ಬಟ್ಟೆಯಲ್ಲಿ ಬರಿಗೊಡ ಹಿಡಿದು ಬಾವಿಯ ಸುತ್ತ ನೆರೆದರು. ಮಧ್ಯಾಹ್ನದ ಉಬ್ಬರ ಏರುತ್ತಿತ್ತು. ಆ ಹೊತ್ತಿಗೇ ಎಲ್ಲರೂ ಸೇದಿಕೊಂಡಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಆದರೆ ಗ್ರಹಣದ ನಂತರ ಬಾವಿಗೆ ಗಂಗೆಪೂಜೆಯಾಗಿ, ಮನೆಯ ಯಜಮಾನ ಮೊದಲ ಕೊಡ ಸೇದಿದ ಮೇಲೆಯೇ ಉಳಿದವರಿಗೆ ಹಗ್ಗ. ನಾಯಕರು ಮಡಿಯುಟ್ಟು ಪೂಜೆಗೆ ಕೂತರು. ಹೂವಾಯಿತು, ಅರಿಶಿನವಾಯಿತು. ಆರತಿಗೆ ಗಾಳಿಯಲ್ಲಿ ಬತ್ತಿ ಹತ್ತಲಿಲ್ಲ. ಮತ್ತೆ ಮತ್ತೆ ಹತ್ತಿಸಿದರು. ಬತ್ತಿ ಹತ್ತುವ ಮೊದಲೇ ಪಡುವಣ ಕಟ್ಟೆ ಒಡೆಯಿತು.

ನೀರು ಗದ್ದೆ ದಾಟಿ ಬಂದದ್ದನ್ನು ಎಲ್ಲರೂ ನಿಂತು ನೋಡಿದರು. ಅಂಗಳಕ್ಕೆ ಬಂತು, ಬಾವಿಯ ಕಟ್ಟೆಯನ್ನು ಮುಟ್ಟಿತು, ಹತ್ತಿ ಒಳಗೆ ಧುಮುಕಿತು. ಬಾವಿಗೆ ಹಾಕಿದ್ದ ಹೂವು ತೇಲಿಕೊಂಡು ನಾಯಕರ ಕಾಲ ಬಳಿಗೆ ಬಂತು. ಹೆಂಗಸರ ಕೈಯಲ್ಲಿ ಬರಿಗೊಡಗಳು. ಊರಿನ ಯಾವ ಮನೆಯಲ್ಲೂ ಕುಡಿಯಲು ಒಂದು ಗುಟುಕು ನೀರು ಉಳಿದಿಲ್ಲ ಎಂಬುದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು.

ಕಟ್ಟೆಗೆ ಕಟ್ಟಿದ್ದ ದೋಣಿಗಳನ್ನು ಪ್ರವಾಹ ಕೊಚ್ಚಿಕೊಂಡು ಹೋಗಿತ್ತು. ಆಚೆ ದಡದ ದೋಣಿಯವರು ಆ ಅಲೆಯಲ್ಲಿ ಬರುವಂತಿರಲಿಲ್ಲ. ಉಪ್ಪುನೆಲದಲ್ಲಿ ತೆಂಗು ಎಷ್ಟು ಬೆಳೆದೀತು? ಇದ್ದ ನಾಲ್ಕಾರು ಮರಗಳ ಎಳನೀರು ಸಂಜೆಯೊಳಗೆ ಮುಗಿಯಿತು. ಅದೇ ಸಂಜೆ ದೇವಕಿಗೆ ನೋವು ಬಂತು.

ರಾತ್ರಿ ಕಳೆದು ಬೆಳಗಾಗುವಾಗ ಹೆಣ್ಣು ಮಗು ಹುಟ್ಟಿತು. ರಕ್ತ ಬಹಳ ಹೋಯಿತು, ಹಿಂದೆಯೇ ಜ್ವರ ಏರಿತು. ಬಾಣಂತಿ ನೀರು ನೀರು ಎನ್ನುತ್ತಿದ್ದಳು. ಬಾವಿಯ ನೀರನ್ನೇ ಕುದಿಸಿ ಕೊಟ್ಟರು. ಕುದಿಸಿದರೆ ಉಪ್ಪು ಹೋಗುತ್ತದೆಯೇ? ಕುಡಿದದ್ದೆಲ್ಲ ವಾಂತಿಯಾಯಿತು. ನಾಯಕರ ಹೆಂಡತಿ ಬೀರಮ್ಮನವರು ಗಂಡನ ಕಾಲು ಹಿಡಿದರು. "ಸ್ವಾಮಿಗಳ ಹತ್ರ ನೀರಿದೆ. ಕೇರಿಯ ಮಕ್ಕಳಿಗೆಲ್ಲ ಒಂದೊಂದು ಗರಟೆ ಕೊಡ್ತಿದ್ದಾರಂತೆ. ಹೋಗಿ ಬನ್ನಿ."

ಇಡೀ ಊರಿನ ಕಿವಿಗೆ ಮೈಲಿಗೆ ಎಂದು ಸಾರಿದ ನೀರು. ತಾವು ಹೋಗಿ ಹೇಗೆ ಕೇಳುವುದು? "ಗ್ರಹಣ ಹಿಡಿದ ನೀರನ್ನ ಹಸಿ ಬಾಣಂತಿ ಬಾಯಿಗೆ ಹಾಕೂದೆ?" ಎಂದರು ನಾಯಕರು. ಬಾಯಲ್ಲಿ ಬಂದದ್ದು ಆಚಾರದ ಮಾತು, ಎದೆಯಲ್ಲಿ ಇದ್ದದ್ದು ಮರ್ಯಾದೆಯ ಭಯ. ಗಾಳಿ ಇಳಿದೀತು, ದೋಣಿ ಬಂದೀತು ಎಂದು ಆ ದಿನವನ್ನೆಲ್ಲ ದಡದಲ್ಲಿ ನಿಂತು ಕಳೆದರು. ಗಾಳಿ ಇಳಿಯಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ತಿಂದವರು ಯಾರೋ, ಬಾಯಾರಿ ಬಿದ್ದವಳು ಯಾರೋ.

ಮಾರನೆಯ ಬೆಳಿಗ್ಗೆ ದೇವಕಿ ನೀರು ಕೇಳುವುದನ್ನು ನಿಲ್ಲಿಸಿದಳು. ಆಗ ನಾಯಕರು ಎದ್ದರು.

ಒಡೆದ ಕಟ್ಟೆಯ ಮೇಲೆ ಬಿದ್ದು ಎದ್ದು ಗುಡಿಸಲು ಮುಟ್ಟಿದರು. ಸ್ವಾಮಿಗಳು ಗೋಡೆಗೆ ಒರಗಿ ಕೂತಿದ್ದರು. ಅವರ ತುಟಿ ಒಡೆದಿತ್ತು, ನಾಲಿಗೆ ದಪ್ಪವಾಗಿತ್ತು. ತಮ್ಮ ನೀರಿನಲ್ಲಿ ಒಂದು ಗುಟುಕನ್ನೂ ಅವರು ಮುಟ್ಟಿರಲಿಲ್ಲ ಎಂದು ನೋಡಿದರೆ ಗೊತ್ತಾಗುತ್ತಿತ್ತು. ಎರಡು ಹರವಿಗಳಲ್ಲಿ ಒಂದನ್ನು ಮಗುಚಿ ಇಟ್ಟಿದ್ದರು. ನಾಯಕರು ಬಾಗಿಲಲ್ಲೇ ಕೂತು ಎರಡೂ ಕೈ ಒಡ್ಡಿದರು.

ಸ್ವಾಮಿಗಳು ಏನನ್ನೂ ಕೇಳಲಿಲ್ಲ. ನಾನು ಹೇಳಿದ್ದೆನಲ್ಲ ಎನ್ನಲಿಲ್ಲ. ನಾವು ನೀವಾಗಿದ್ದರೆ ಹೇಳದೆ ಬಿಡುತ್ತಿದ್ದೆವೇ? ಅವರು ಎದ್ದು, ಉಳಿದ ಹರವಿಯನ್ನು ಓರೆ ಮಾಡಿ, ತಳದಲ್ಲಿದ್ದದ್ದನ್ನೆಲ್ಲ ಗರಟೆಗೆ ಬಗ್ಗಿಸಿದರು. ಗರಟೆ ತುಂಬಿತು, ಹರವಿ ಬರಿದಾಯಿತು. ಅದನ್ನು ನಾಯಕರ ಎರಡೂ ಕೈಗಳಲ್ಲಿ ಇಟ್ಟು ಹೇಳಿದರು. "ಜೀವ ಇದ್ದವರ ಬಾಯಿಗೆ."

ಒಂದು ಕೈಯಲ್ಲಿ ಗರಟೆ, ಗಾಳಿಗೆ ಚೆಲ್ಲದಂತೆ ಅದರ ಮೇಲೆ ಇನ್ನೊಂದು ಕೈ. ನೀರನ್ನು ಹೀಗೆ ಹಿಡಿದುಕೊಂಡು ಹಮ್ಮಣ್ಣ ನಾಯಕರು ಹುಟ್ಟಿದಾಗಿನಿಂದ ನಡೆದವರಲ್ಲ. ಓಡಬೇಕು, ಓಡಿದರೆ ಚೆಲ್ಲುತ್ತದೆ. ದಾರಿಯುದ್ದಕ್ಕೂ ಒಂದೇ ಮೊರೆ, ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ ಅವಳನ್ನು ಹಿಡಿದಿಡು ತಾಯಿ. ಅಂಗಳಕ್ಕೆ ಕಾಲಿಟ್ಟಾಗ ಒಳಗಿನಿಂದ ಬೀರಮ್ಮನವರ ಅಳು ಕೇಳಿಸಿತು.

ದೇವಕಿ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದೇ ಇತ್ತು.

ಅವಳ ತಾಯಿ ಗರಟೆಯನ್ನು ಕಂಡರು. "ಬಿಡಿ, ಬಾಯಿಗೆ ಬಿಡಿ. ಬಾಯಾರಿ ಹೋಯಿತು ನನ್ನ ಮಗು, ಈಗಾದ್ರೂ ಬಿಡಿ" ಎಂದರು. ಹೋಗುವವರ ಬಾಯಿಗೆ ನೀರು ಬಿಡದಿದ್ದರೆ ಅದಕ್ಕಿಂತ ದೊಡ್ಡ ಪಾಪವಿಲ್ಲ ಎಂದು ನಂಬಿದ ಮನೆ ಅದು. ತುಳಸಿ ಎಲೆ ತಂದಾಗಿತ್ತು. ನಾಯಕರು ಮಗಳ ತಲೆಯ ಬಳಿ ಮಂಡಿಯೂರಿದರು. ಗರಟೆಯನ್ನು ಅವಳ ತುಟಿಯ ಹತ್ತಿರಕ್ಕೆ ತಂದರು.

ಮೂಲೆಯಲ್ಲಿ ಬುದವಂತಿ ಕೂತಿದ್ದಳು. ಅಲ್ಲಿ ಹಾಲೂಡುವ ಹೆಂಗಸು ಅವಳೊಬ್ಬಳೇ ಎಂದು ಸೂಲಗಿತ್ತಿ ಕರೆಸಿದ್ದಳು. ತನ್ನ ಕೂಸನ್ನು ನೆಲದ ಮೇಲೆ ಬಿಟ್ಟು ದೇವಕಿಯ ಮಗುವನ್ನು ಎದೆಗೆ ಹಚ್ಚಿಕೊಂಡಿದ್ದಳು. ಮಗು ಚೀಪುತ್ತಿತ್ತು, ಬಿಟ್ಟು ಅಳುತ್ತಿತ್ತು, ಮತ್ತೆ ಚೀಪುತ್ತಿತ್ತು. "ಬತ್ತಿಹೋಗಿದ್ದು ಒಡೆಯಾ. ನಂಗೇ ನೀರಿಲ್ಲ, ಹಾಲು ಎಲ್ಲಿಂದ ಬರ್ತದೆ?" ಎಂದಳು. ದೂರಿನ ದನಿಯಲ್ಲ. ಇದ್ದದ್ದನ್ನು ಹೇಳಿದಳು.

ನಾಯಕರು ಮಗಳ ಮುಖ ನೋಡಿದರು. ಒಂದು ಹನಿ. ಒಂದೇ ಹನಿ ಬಿಟ್ಟರೆ ಏನು ಹೋಗುತ್ತಿತ್ತು? ಅವರಿಗೂ ಹಾಗೆಯೇ ಅನ್ನಿಸಿತು. ಆದರೆ ಮೊದಲ ಹನಿ ಬಿದ್ದರೆ ಕೈ ನಿಲ್ಲುವುದಿಲ್ಲ, ಗರಟೆಯೆಲ್ಲ ಅಲ್ಲೇ ಬರಿದಾಗುತ್ತದೆ ಎಂಬುದೂ ಆ ತಂದೆಗೆ ಗೊತ್ತಿತ್ತು. ಎದ್ದರು. ಬುದವಂತಿಯ ಮುಂದೆ ಹೋಗಿ ಕೂತು, ತಾವು ಕಾಲಲ್ಲಿ ಕೊಡ ಉರುಳಿಸಿ ಬಂದಿದ್ದ ಆ ಹೆಣ್ಣುಮಗಳ ಬಾಯಿಗೆ ತಮ್ಮ ಕೈಯಿಂದಲೇ ಗರಟೆ ಹಿಡಿದರು. "ಕುಡಿ ತಾಯಿ" ಎಂದರು. ಅವಳು ಕಣ್ಣು ಮುಚ್ಚಿಕೊಂಡು ಕೊನೆಯ ತೊಟ್ಟಿನವರೆಗೆ ಕುಡಿದಳು. ಹಿಂದಿನಿಂದ ಬೀರಮ್ಮನವರು ಕೂಗಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಹೆತ್ತ ಹೊಟ್ಟೆಯ ಮಾತು ಅದು.

ಆ ಸಂಜೆ ಗಾಳಿ ಇಳಿಯಿತು. ಆಚೆ ದಡದಿಂದ ದೋಣಿಗಳು ಕೊಡಗಟ್ಟಲೆ ನೀರು ಹೊತ್ತು ಬಂದವು. ಅಷ್ಟೂ ನೀರನ್ನು ನೋಡಿ ನಾಯಕರು ದಡದಲ್ಲೇ ಕೂತು ಅತ್ತರು. ಮಗಳ ಚಿತೆಗೆ ಬೆಂಕಿಯಿಟ್ಟು, ಮಿಂದು, ಒಂದು ತಂಬಿಗೆ ನೀರು ಹಿಡಿದು ಕಟ್ಟೆಯ ತುದಿಗೆ ಹೋದರು. ಸ್ವಾಮಿಗಳು ಮಲಗಿದ್ದರು. ನಾಯಕರು ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದರು. ಆಮೇಲೆ ಕೇಳಿದರು.

"ಅವಳ ಬಾಯಿಗೆ ಒಂದು ಹನಿಯನ್ನೂ ಬಿಡಲಿಲ್ಲ. ನಿಮ್ಮ ಮಾತು ನಡೆಸಿದೆ. ಅವಳಿಗೆ ಗತಿ ಇದೆಯೇ? ನನಗೆ ಇದೆಯೇ?"

ಸ್ವಾಮಿಗಳು ಸಮಾಧಾನ ಹೇಳಲಿಲ್ಲ. ಅವರ ಕಣ್ಣಲ್ಲೂ ನೀರಿತ್ತು ಎಂದು ನಾಯಕರೇ ಮುಂದೆ ಹೇಳುತ್ತಿದ್ದರಂತೆ. ಒಂದೇ ಮಾತು ಹೇಳಿದರು. "ಅವಳ ಕೊಡ ಬರಿದಾಗಿದೆ. ಹೋಗಿ ತುಂಬಿಸಿ."

ನಾಯಕರು ಮನೆಗೆ ಬಂದು ಹಿತ್ತಲಲ್ಲಿ ಬೋರಲು ಬಿದ್ದಿದ್ದ ತಾಮ್ರದ ಕೊಡವನ್ನು ಎತ್ತಿದರು. ಹುಣಸೆಹಣ್ಣು ಹಾಕಿ ತಿಕ್ಕಿದರು. ಹೆಂಗಸರ ಕೆಲಸವೆಂದು ಎಂದೂ ಮುಟ್ಟದಿದ್ದ ಒಲೆಯ ಮುಂದೆ ಕೂತು, ಪಂಚೆ ಮಡಿಸಿ ದೋಣಿಯಲ್ಲಿ ಬಂದ ನೀರನ್ನು ಸೋಸಿ, ಕುದಿಸಿ, ಆರಿಸಿ, ಮಗಳು ಇಟ್ಟಿದ್ದ ಮೂಲೆಯಲ್ಲೇ ಇಟ್ಟು ಬಾಯಿಗೆ ಬಟ್ಟೆ ಕಟ್ಟಿದರು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವವರು ಎಂದರು. ನಾಯಕರು ನಿಲ್ಲಿಸಲಿಲ್ಲ. ಪ್ರತಿ ಏಕಾದಶಿಗೆ ಹಳೆಯ ನೀರು ದಾಸವಾಳದ ಬುಡಕ್ಕೆ, ಕೊಡಕ್ಕೆ ಹೊಸ ನೀರು. ಬೀರಮ್ಮನವರು ನೋಡುತ್ತಿದ್ದರು. ಗಂಡನೊಂದಿಗೆ ಅವರ ಮಾತು ನಿಂತುಹೋಗಿತ್ತು. ಮೊಮ್ಮಗು ಬುದವಂತಿಯ ಎದೆಹಾಲಿನಲ್ಲಿ ಬೆಳೆಯಿತು, ಅಂಬೆಗಾಲಿಟ್ಟಿತು, ನಡೆಯಿತು. ಆ ಮನೆಯಲ್ಲಿ ಗಂಡಹೆಂಡಿರ ನಡುವೆ ಮಾತ್ರ ಒಂದು ಮಾತಿಲ್ಲ.

ಸ್ವಾಮಿಗಳು ದೇಹ ಬಿಟ್ಟ ವರ್ಷವೇ ಮತ್ತೊಂದು ಗ್ರಹಣ ಬಂತು. ಆ ಬೆಳಿಗ್ಗೆಯೂ ಹಮ್ಮಣ್ಣ ನಾಯಕರು ಎದ್ದು ಮನೆ ಮನೆಗೆ ಹೊರಟರು. ಕಂಕುಳಲ್ಲಿ ದರ್ಭೆಯ ಕಟ್ಟು. ಪ್ರತಿ ಮನೆಯ ಹೊಸ್ತಿಲಲ್ಲಿ ನಿಂತು, "ಮೀಸಲು ಕೊಡ ಎಲ್ಲಿ? ಚೆಲ್ಲಬೇಡಿ," ಎಂದು ತಾವೇ ಒಂದೊಂದು ಎಳೆ ಇಟ್ಟರು. ಬುದವಂತಿಯ ಕೊಡದ ಮುಂದೆ ಬಗ್ಗಿ, ಕೈ ಮುಗಿದು ಇಟ್ಟರು. ಕೊನೆಗೆ ತಮ್ಮ ಮನೆಗೆ ಬಂದರು. ಅಡುಗೆಮನೆಯ ಬಾಗಿಲಲ್ಲಿ ಮಾತ್ರ ಅವರ ಕಾಲು ನಿಂತಿತು. ಆ ಕೊಡವನ್ನು ಗ್ರಹಣದ ದಿನ ಮತ್ತೊಮ್ಮೆ ಮುಟ್ಟಲು ಕೈ ಬರಲಿಲ್ಲ. ಒಂದು ಎಳೆ ದರ್ಭೆ ಹಿಡಿದು ಸುಮ್ಮನೆ ನಿಂತುಬಿಟ್ಟರು.

ಒಲೆಯ ಮುಂದೆ ಕೂತಿದ್ದ ಬೀರಮ್ಮನವರು ಎದ್ದು ಬಂದರು. ಕೈ ಚಾಚಿದರು.

"ಇತ್ತ ಕೊಡಿ," ಎಂದರು.

ಮಗಳು ಹೋದ ದಿನದ ನಂತರ ಗಂಡನಿಗೆ ಅವರಾಡಿದ ಮೊದಲ ಮಾತು ಅದು. ದರ್ಭೆಯನ್ನು ತೆಗೆದುಕೊಂಡು ದೇವಕಿಯ ಕೊಡದ ಮೇಲೆ ಇಟ್ಟರು. ಹೊರಗೆ ಗ್ರಹಣ ಹಿಡಿಯುತ್ತಿತ್ತು. ಇಬ್ಬರೂ ಆ ಕೊಡದ ಪಕ್ಕದಲ್ಲಿ, ಬಿಡುವವರೆಗೂ ಕೂತಿದ್ದರು.